ಮಾತಿನ ಮೇಲಣ ಬಿಡುಗಡೆ: ಪೆರೋಲ್ ಪದ್ಧತಿಯ ಅಂಕಿ ಅಂಶಗಳ ಸಂಗ್ರಹಣೆ ಮತ್ತು ನಿರೂಪಣೆ

೧. ವಿಷಯ ಪ್ರವೇಶ

ಹುಲಿಯ ಕೈಗೆ ಸಿಕ್ಕಿದ ಹಸುವೊಂದು ತನ್ನ ಕರುವಿಗೆ ಹಾಲೂಡಿಸಿ ಮರಳಿ ಬರುವೆನೆಂದು ಮಾತು ಕೊಟ್ಟು, ಕೊಟ್ಟ ಮಾತಿನಂತೆಯೇ ಮರಳಿ ಬಂದ ವೃತ್ತಾಂತವನ್ನು ಅರಿಯದ ಕನ್ನಡಿಗರು ವಿರಳ. ಗೋವಿನ ಹಾಡಿನ ಈ ಕಥೆಯನ್ನು ನಾವು ಸತ್ಯನಿಷ್ಠೆಯ ಕಥೆಯೆಂದೇ ಓದುತ್ತ ಬಂದಿದ್ದೇವೆ. ಆದರೆ ಹಸುವಿನ ಕಡೆಯಿಂದ ನೋಡುವುದನ್ನು ಬಿಟ್ಟು ಹುಲಿಯ ಕಡೆಯಿಂದ ನೋಡಿದರೆ ಅದರಲ್ಲಿ ಬೇರೆ ಕೆಲವು ಪ್ರಶ್ನೆಗಳೂ ಅಡಗಿವೆ. ಹಿಡಿದಿಟ್ಟವನು ತನ್ನ ಹಿಡಿತದಲ್ಲಿರುವವರ ಮಾತನ್ನು ಯಾವ ಆಧಾರದ ಮೇಲೆ ನಂಬಬೇಕು? ನಂಬಿ ಕಳುಹಿಸಿದವರಲ್ಲಿ ಎಷ್ಟು ಮಂದಿ ಮರಳಿ ಬರುತ್ತಾರೆ? ನಂಬದೆ ಹೋದಾಗ ಆಗುವ ನಷ್ಟವನ್ನು ಯಾರು ಲೆಕ್ಕವಿಡುತ್ತಾರೆ?

ಸೆರೆಮನೆಯ ಆಡಳಿತದಲ್ಲಿ ಈ ಪ್ರಶ್ನೆಗಳು ನಿತ್ಯವೂ ಏಳುತ್ತವೆ. ಮಗಳ ಮದುವೆ, ತಾಯಿಯ ಮರಣ, ಬಿದ್ದುಹೋದ ಮನೆಯ ದುರಸ್ತಿ, ಬಿತ್ತನೆಯ ಕಾಲ ಮೊದಲಾದ ಕಾರಣಗಳನ್ನು ಮುಂದಿಟ್ಟು ಶಿಕ್ಷಾಬಂದಿಯೊಬ್ಬನು ಕೆಲವು ದಿನಗಳ ಮಟ್ಟಿಗೆ ಊರಿಗೆ ಹೋಗಿ ಬರಲು ಅನುಮತಿ ಬೇಡುತ್ತಾನೆ. ಹೀಗೆ ದೊರೆಯುವ ತಾತ್ಕಾಲಿಕ ಬಿಡುಗಡೆಗೆ ಪೆರೋಲ್ ಎಂದು ಹೆಸರು. ಈ ಪದವು ಫ್ರೆಂಚ್ ಭಾಷೆಯಲ್ಲಿ 'ಮಾತು' ಎಂಬ ಅರ್ಥವುಳ್ಳದ್ದು. ಯುದ್ಧದಲ್ಲಿ ಸೆರೆಸಿಕ್ಕ ಯೋಧನು ಮತ್ತೆ ಆಯುಧ ಹಿಡಿಯುವುದಿಲ್ಲವೆಂದು ತನ್ನ ಮರ್ಯಾದೆಯ ಮೇಲೆ ಮಾತು ಕೊಟ್ಟರೆ ಅವನನ್ನು ಬಿಡುತ್ತಿದ್ದ ಸಂಪ್ರದಾಯದಿಂದ ಅದು ಸೆರೆಮನೆಯ ಭಾಷೆಗೆ ಬಂದಿತು.

ಈ ಮಾತಿನ ಲೆಕ್ಕವನ್ನು ರಾಜ್ಯವು ಹೇಗೆ ಇಡುತ್ತದೆ, ಹೇಗೆ ಪ್ರಕಟಿಸುತ್ತದೆ, ಆ ಲೆಕ್ಕವನ್ನು ನಾವು ಹೇಗೆ ಓದಬೇಕು ಎಂಬುದನ್ನು ದಾವಣಗೆರೆ ಮತ್ತು ಹರಿಹರಗಳನ್ನು ಕಣ್ಣ ಮುಂದಿಟ್ಟುಕೊಂಡು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕಾನೂನಿನ ವಿಷಯದಲ್ಲಿ ಇತಿಹಾಸದ ಅಧ್ಯಾಪಕನಿಗೇನು ಕೆಲಸವೆಂದು ಕೆಲವರು ಕೇಳಬಹುದು. ದಾಖಲೆಯಲ್ಲಿರುವುದನ್ನು ಓದುವುದರ ಜೊತೆಗೆ, ದಾಖಲೆಯಲ್ಲಿ ಏನು ಇಲ್ಲ, ಏಕೆ ಇಲ್ಲ ಎಂದು ಕೇಳುವುದೂ ಇತಿಹಾಸಕಾರನ ಕೆಲಸವೇ ಆಗಿದೆ. ಪೆರೋಲಿನ ಅಂಕಿ ಅಂಶಗಳಲ್ಲಿ ಈ ಎರಡನೆಯ ಪ್ರಶ್ನೆಯೇ ಮುಖ್ಯವಾದುದು.

೨. ಪೆರೋಲ್ ಎಂದರೇನು

ಮೊದಲು ಪದಗಳ ಅರ್ಥವನ್ನು ಖಚಿತಪಡಿಸಿಕೊಳ್ಳಬೇಕು. ತರಗತಿಯಲ್ಲಿ ಈ ವಿಷಯ ಬಂದಾಗ ಹರಿಹರದ ಕಡೆಯ ವಿದ್ಯಾರ್ಥಿಯೊಬ್ಬನು, "ಸಾರ್, ಪೆರೋಲ್ ಎಂದರೆ ಜಾಮೀನೇ ಅಲ್ಲವೆ?" ಎಂದು ಕೇಳಿದನು. ಅವನೊಬ್ಬನದೇ ಅಲ್ಲ, ವೃತ್ತಪತ್ರಿಕೆಗಳನ್ನು ಓದುವ ಅನೇಕರ ಭಾವನೆಯೂ ಅದೇ. ಜಾಮೀನು ನ್ಯಾಯಾಲಯದ ಆಜ್ಞೆ. ಅದು ಬಹುಮಟ್ಟಿಗೆ ವಿಚಾರಣೆಯ ಹಂತದಲ್ಲಿರುವವರಿಗೆ ಸಂಬಂಧಿಸಿದ್ದು. ಪೆರೋಲ್ ಕಾರ್ಯಾಂಗದ ನಿರ್ಣಯ. ಅದು ಅಪರಾಧ ಸ್ಥಾಪಿತವಾಗಿ ಶಿಕ್ಷೆ ಅನುಭವಿಸುತ್ತಿರುವವರಿಗೆ ಸಂಬಂಧಿಸಿದ್ದು. ಪೆರೋಲ್ ಪಡೆದವನ ಶಿಕ್ಷೆ ರದ್ದಾಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಗೊತ್ತಾದ ದಿನ ಅವನು ಸೆರೆಮನೆಯ ಬಾಗಿಲಿಗೆ ಮರಳಬೇಕು.

ಇದರ ಸಮೀಪದ ಇನ್ನೊಂದು ಪದ್ಧತಿ ಫರ್ಲೋ ಎಂಬುದು. ಪೆರೋಲಿಗೆ ನಿರ್ದಿಷ್ಟ ಕಾರಣ ಬೇಕು. ಫರ್ಲೋ ದೀರ್ಘಾವಧಿಯ ಬಂದಿಗೆ ಸನ್ನಡತೆಯ ಮೇರೆಗೆ ಆಗಾಗ ದೊರೆಯುವ ರಜೆಯಂಥದು. ೨೦೧೭ರಲ್ಲಿ ಅಶ್ಫಾಕ್ ವಿರುದ್ಧ ರಾಜಸ್ಥಾನ ರಾಜ್ಯ ಎಂಬ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇವೆರಡರ ವ್ಯತ್ಯಾಸವನ್ನು ವಿವರಿಸಿದೆ. ಬಂದಿಯು ತನ್ನ ಕುಟುಂಬದ ತೊಡಕುಗಳನ್ನು ಬಗೆಹರಿಸಿಕೊಳ್ಳುವುದೂ ಸಮಾಜದೊಡನೆ ತನ್ನ ಸಂಬಂಧವನ್ನು ಉಳಿಸಿಕೊಳ್ಳುವುದೂ ಈ ಬಿಡುಗಡೆಗಳ ಉದ್ದೇಶವೆಂದು ಅದು ತಿಳಿಸಿದೆ.

ಅಮೆರಿಕದ ಗ್ರಂಥಗಳನ್ನು ಓದುವವರು ಇಲ್ಲಿ ವಿಶೇಷ ಎಚ್ಚರಿಕೆ ವಹಿಸಬೇಕು. ಆ ದೇಶದಲ್ಲಿ ಪೆರೋಲ್ ಎಂದರೆ ಶಿಕ್ಷೆಯ ಉಳಿದ ಅವಧಿಯನ್ನು ಅಧಿಕಾರಿಯೊಬ್ಬನ ಮೇಲ್ವಿಚಾರಣೆಯಲ್ಲಿ ಹೊರಗೆ ಕಳೆಯಲು ಕೊಡುವ ಷರತ್ತಿನ ಬಿಡುಗಡೆ. ಷರತ್ತು ಮುರಿಯದಿದ್ದರೆ ಅಂಥವನು ಸೆರೆಮನೆಗೆ ಮರಳಬೇಕಾಗಿಲ್ಲ. ನಮ್ಮಲ್ಲಿ ಅದಕ್ಕೆ ಸಮೀಪವಾದುದು ಸರ್ಕಾರವು ಷರತ್ತಿನ ಮೇಲೆ ನೀಡುವ ಅವಧಿಪೂರ್ವ ಬಿಡುಗಡೆಯೇ ಹೊರತು ಪೆರೋಲ್ ಅಲ್ಲ. ಒಂದೇ ಹೆಸರಿನ ಎರಡು ಬೇರೆ ಬೇರೆ ಸಂಸ್ಥೆಗಳ ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ ಬರುವ ತೀರ್ಮಾನಕ್ಕೆ ಯಾವ ಬೆಲೆಯೂ ಇರುವುದಿಲ್ಲ.

೩. ಪದ್ಧತಿಯು ಬೆಳೆದು ಬಂದ ಬಗೆ

ಬಂದಿಯ ನಡತೆಗೂ ಅವನ ಬಿಡುಗಡೆಗೂ ಸಂಬಂಧ ಕಲ್ಪಿಸುವ ವಿಚಾರವು ೧೯ನೆಯ ಶತಮಾನದಲ್ಲಿ ರೂಪುಗೊಂಡಿತು. ೧೮೪೦ರಲ್ಲಿ ನಾರ್ಫೋಕ್ ದ್ವೀಪದ ಸೆರೆನೆಲೆಯ ಅಧಿಕಾರ ವಹಿಸಿಕೊಂಡ ಅಲೆಕ್ಸಾಂಡರ್ ಮ್ಯಾಕನಾಕಿ ಎಂಬುವನು ದುಡಿಮೆಗೂ ಸನ್ನಡತೆಗೂ ಅಂಕಗಳನ್ನು ಕೊಟ್ಟು, ಆ ಅಂಕಗಳಿಂದಲೇ ಬಿಡುಗಡೆಯನ್ನು ಸಂಪಾದಿಸುವ ಕ್ರಮವನ್ನು ಏರ್ಪಡಿಸಿದನು. ೧೮೫೪ರಿಂದ ಐರ್ಲೆಂಡಿನಲ್ಲಿ ವಾಲ್ಟರ್ ಕ್ರಾಫ್ಟನ್ ಅದನ್ನು ಮುಂದುವರಿಸಿದನು. ೧೮೭೬ರಲ್ಲಿ ಅಮೆರಿಕದ ಎಲ್ಮೈರಾದಲ್ಲಿ ಆರಂಭವಾದ ಸುಧಾರಣಾಗೃಹವು ಅದೇ ತತ್ತ್ವವನ್ನು ಅನುಸರಿಸಿತು.

ನಮ್ಮ ದೇಶದಲ್ಲಿ ೧೮೯೪ರ ಕಾರಾಗೃಹ ಅಧಿನಿಯಮವು ಶಿಸ್ತು, ಕಾವಲು, ದಂಡನೆಗಳಿಗೆ ಪ್ರಾಧಾನ್ಯ ಕೊಟ್ಟಿತ್ತು. ಪೆರೋಲನ್ನು ಅದು ನಿರೂಪಿಸಿರಲಿಲ್ಲ. ಸೆರೆಮನೆಯ ಉದ್ದೇಶ ಬಂದಿಯನ್ನು ತಿದ್ದುವುದೂ ಆಗಿರಬೇಕೆಂಬ ಅಭಿಪ್ರಾಯವನ್ನು ೧೯೧೯-೨೦ರ ಭಾರತೀಯ ಸೆರೆಮನೆಗಳ ಸಮಿತಿಯು ಬಲವಾಗಿ ಮುಂದಿಟ್ಟಿತು. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕಾರಾಗೃಹಗಳು ರಾಜ್ಯಪಟ್ಟಿಗೆ ಸೇರಿರುವುದರಿಂದ ಸ್ವಾತಂತ್ರ್ಯಾನಂತರ ಒಂದೊಂದು ರಾಜ್ಯವೂ ತನ್ನದೇ ನಿಯಮಗಳನ್ನು ರಚಿಸಿಕೊಂಡಿತು. ಮುಂಬಯಿ ರಾಜ್ಯವು ೧೯೫೯ರಲ್ಲಿ ಫರ್ಲೋ ಮತ್ತು ಪೆರೋಲ್ ನಿಯಮಗಳನ್ನು ಹೊರಡಿಸಿತು. ಪಂಜಾಬು ೧೯೬೨ರಲ್ಲಿ ಸನ್ನಡತೆಯ ಬಂದಿಗಳ ತಾತ್ಕಾಲಿಕ ಬಿಡುಗಡೆಗೆಂದೇ ಪ್ರತ್ಯೇಕ ಶಾಸನ ಮಾಡಿತು.

೧೯೫೬ರ ನವೆಂಬರ್ ೧ರಂದು ಕನ್ನಡ ನಾಡು ಒಂದಾದಾಗ ಹಳೆಯ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಈ ಐದು ಆಡಳಿತಗಳ ಪ್ರದೇಶಗಳು ಒಂದೇ ಸರ್ಕಾರದ ಅಧೀನಕ್ಕೆ ಬಂದವು. ಅವುಗಳೊಡನೆ ಬೇರೆ ಬೇರೆ ಸೆರೆಮನೆಯ ಕಾನೂನುಗಳೂ, ಬೇರೆ ಬೇರೆ ನಮೂನೆಯ ರಿಜಿಸ್ಟರುಗಳೂ ಬಂದವು. ೧೯೬೩ರ ಮೈಸೂರು ಕಾರಾಗೃಹ ಅಧಿನಿಯಮವು ರಾಜ್ಯಕ್ಕೆಲ್ಲ ಏಕರೂಪದ ಕಾನೂನನ್ನು ಒದಗಿಸಿತು. ಅದೇ ಇಂದಿನ ಕರ್ನಾಟಕ ಕಾರಾಗೃಹ ಅಧಿನಿಯಮ. ಅದರ ಹಿಂದೆಯೇ ೧೯೭೪ರ ನಿಯಮಗಳೂ, ೧೯೭೮ರ ಕೈಪಿಡಿಯೂ, ಕೊನೆಗೆ ೨೦೨೧ರ ಕರ್ನಾಟಕ ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಕೈಪಿಡಿಯೂ ಬಂದವು. ಐದು ಆಡಳಿತಗಳ ಪರಂಪರೆಯನ್ನು ಒಂದುಗೂಡಿಸಲು ಏಳು ವರ್ಷ ಹಿಡಿಯಿತೆಂಬುದನ್ನು, ಹಿಂದಿನ ಅಂಕಿಗಳನ್ನು ಸಾಲಾಗಿ ಜೋಡಿಸಲು ಹೊರಡುವ ಸಂಶೋಧಕರು ಮರೆಯಬಾರದು.

೪. ಅರ್ಜಿಯ ಹಾದಿ

ಅಂಕಿಯು ಎಲ್ಲಿ ಹುಟ್ಟುತ್ತದೆಂಬುದನ್ನು ತಿಳಿಯಬೇಕಾದರೆ ಒಂದು ಅರ್ಜಿಯ ಹಾದಿಯನ್ನು ಹಿಂಬಾಲಿಸಬೇಕು. ದಾವಣಗೆರೆಯಲ್ಲಿ ಜಿಲ್ಲಾ ಮತ್ತು ಸತ್ರ ನ್ಯಾಯಾಲಯವಿದ್ದರೂ ಕೇಂದ್ರ ಕಾರಾಗೃಹವಿಲ್ಲ. ಆದುದರಿಂದ ಇಲ್ಲಿಯ ನ್ಯಾಯಾಲಯದಲ್ಲಿ ದೀರ್ಘ ಶಿಕ್ಷೆಗೆ ಗುರಿಯಾದವರು ಶಿವಮೊಗ್ಗ, ಬಳ್ಳಾರಿ, ಬೆಂಗಳೂರು ಮೊದಲಾದ ಕಡೆಗಳ ಕೇಂದ್ರ ಕಾರಾಗೃಹಗಳಲ್ಲಿ ದಿನ ಕಳೆಯಬೇಕಾಗುತ್ತದೆ. ಹರಿಹರ ತಾಲ್ಲೂಕಿನ ಬಂದಿಯೊಬ್ಬನು ಅಲ್ಲಿಂದ ಅರ್ಜಿ ಸಲ್ಲಿಸಿದನೆಂದು ಭಾವಿಸೋಣ. ಕಾರಾಗೃಹದ ಅಧೀಕ್ಷಕರು ಅವನ ನಡತೆ, ಅನುಭವಿಸಿದ ಶಿಕ್ಷೆಯ ಅವಧಿ, ಹಿಂದೆ ಬಿಟ್ಟಾಗ ಸಕಾಲದಲ್ಲಿ ಮರಳಿದನೋ ಇಲ್ಲವೋ ಎಂಬುದನ್ನು ಪರಿಶೀಲಿಸುತ್ತಾರೆ. ಅನಂತರ ಅವನ ಊರು ಸೇರಿದ ಜಿಲ್ಲೆಯ ಪೊಲೀಸ್ ಅಧಿಕಾರಿಗಳ ಅಭಿಪ್ರಾಯವನ್ನು ಕೇಳುತ್ತಾರೆ. ಆ ಪತ್ರ ದಾವಣಗೆರೆಗೆ ಬಂದು, ಅಲ್ಲಿಂದ ಹರಿಹರದ ಠಾಣೆಗೆ ಇಳಿಯುತ್ತದೆ. ಠಾಣೆಯವರು ಊರಿಗೆ ಹೋಗಿ ಅರ್ಜಿಯಲ್ಲಿ ಹೇಳಿದ ಕಾರಣ ನಿಜವೇ, ಮನೆಯವರು ಅವನನ್ನು ಸೇರಿಸಿಕೊಳ್ಳುವರೇ, ಅವನು ಬಂದರೆ ಹಳೆಯ ದ್ವೇಷ ಮರುಕಳಿಸಿ ಶಾಂತಿಭಂಗವಾಗುವುದೇ ಎಂದು ವಿಚಾರಿಸಿ ವರದಿ ಕಳುಹಿಸುತ್ತಾರೆ.

ವರದಿಯು ಅನುಕೂಲವಾಗಿದ್ದು ಅನುಮತಿ ದೊರೆತರೆ ಜಾಮೀನುದಾರರ ಮುಚ್ಚಳಿಕೆಯಾಗುತ್ತದೆ. ಹೊರಗಿರುವಷ್ಟು ಕಾಲವೂ ಬಂದಿಯು ಗೊತ್ತಾದ ದಿನಗಳಂದು ಠಾಣೆಗೆ ಹೋಗಿ ಹಾಜರಿ ಹಾಕಬೇಕೆಂಬ ಷರತ್ತು ಸಾಮಾನ್ಯ. ವರದಿಯು ಪ್ರತಿಕೂಲವಾಗಿದ್ದರೆ ಅರ್ಜಿ ಅನೇಕ ವೇಳೆ ಅಲ್ಲಿಗೇ ಮುಗಿಯುತ್ತದೆ. ಅನುಕೂಲವುಳ್ಳವರು ಉಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಹಾಕುವುದುಂಟು. ಶಾಂತಿಭಂಗದ ಶಂಕೆಯೆಂಬ ಒಂದು ಸಾಲನ್ನು ಮಾತ್ರ ಬರೆದು ಆಧಾರ ಕೊಡದ ವರದಿಗಳನ್ನು ಒಪ್ಪದೆ ಕರ್ನಾಟಕ ಉಚ್ಚ ನ್ಯಾಯಾಲಯವು ಪೆರೋಲ್ ನೀಡುವಂತೆ ಆಜ್ಞೆ ಮಾಡಿದ ಸಂದರ್ಭಗಳಿವೆ. ೨೦೨೩ರಲ್ಲಿ ಜೀವಾವಧಿ ಶಿಕ್ಷೆಯ ಬಂದಿಯೊಬ್ಬನಿಗೆ ಮದುವೆಯಾಗಲೆಂದೇ ಅದು ಪೆರೋಲ್ ಕೊಡಿಸಿತು.

ಒಂದೇ ಅರ್ಜಿಯ ಕುರುಹು ಹೀಗೆ ಮೂರು ಸ್ಥಳಗಳಲ್ಲಿ ಉಳಿಯುತ್ತದೆ: ದೂರದ ಕಾರಾಗೃಹದಲ್ಲಿ, ದಾವಣಗೆರೆಯ ಪೊಲೀಸ್ ಕಚೇರಿಯಲ್ಲಿ, ಹರಿಹರದ ಠಾಣೆಯಲ್ಲಿ. ನ್ಯಾಯಾಲಯಕ್ಕೆ ಹೋದರೆ ನಾಲ್ಕನೆಯ ಕುರುಹೂ ಸೇರುತ್ತದೆ. ಅರ್ಜಿಯ ಭವಿಷ್ಯವನ್ನು ಬಹುಮಟ್ಟಿಗೆ ನಿರ್ಧರಿಸುವ ವಿಚಾರಣೆ ನಡೆಯುವುದು ನಮ್ಮೂರ ಬೀದಿಯಲ್ಲಿ. ಅಂಕಿಯಾಗಿ ಎಣಿಕೆಯಾಗುವುದು ಮಾತ್ರ ಬೇರೊಂದು ಊರಿನ ಸೆರೆಮನೆಯಲ್ಲಿ.

೫. ಎಣಿಸಿದುದು, ಎಣಿಸದೆ ಉಳಿದುದು

ಮೈಸೂರು ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳಲ್ಲಿ ಸೆರೆಮನೆಗಳ ವಿಚಾರ ಪ್ರತ್ಯೇಕವಾಗಿ ಬರುತ್ತಿತ್ತು. ಬಂದಿಗಳ ದಿನಂಪ್ರತಿಯ ಸರಾಸರಿ ಸಂಖ್ಯೆ, ಮರಣ, ಖರ್ಚು, ಬಂದಿಗಳ ದುಡಿಮೆಯಿಂದ ಬಂದ ಆದಾಯ ಇವೇ ಅದರ ಮುಖ್ಯ ಅಂಶಗಳು. ಸರ್ಕಾರಕ್ಕೆ ಹಣದ ಹೊರೆಯಾಗುವುದನ್ನೂ ಅಪಕೀರ್ತಿ ತರುವುದನ್ನೂ ಅಂದಿನ ಲೆಕ್ಕವು ಮೊದಲು ಎಣಿಸುತ್ತಿತ್ತು. ಆಡಳಿತದ ಅಂಕಿ ಅಂಶಗಳ ಸ್ವಭಾವವೇ ಅಂಥದು. ಅಧಿಕಾರಿಯು ಯಾವುದಕ್ಕೆ ಉತ್ತರ ಹೇಳಬೇಕಾಗುವುದೋ ಅದನ್ನು ಅವು ಮೊದಲು ದಾಖಲಿಸುತ್ತವೆ.

ಇಂದು ಈ ಕೆಲಸವನ್ನು ಅಖಿಲ ಭಾರತ ಮಟ್ಟದಲ್ಲಿ ಮಾಡುತ್ತಿರುವುದು ೧೯೮೬ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ. ೧೯೯೫ರಿಂದ ಅದು ಭಾರತದ ಕಾರಾಗೃಹಗಳ ವಾರ್ಷಿಕ ಅಂಕಿ ಅಂಶಗಳನ್ನು ಪ್ರಕಟಿಸುತ್ತ ಬಂದಿದೆ. ೨೦೨೨ರ ಡಿಸೆಂಬರ್ ೩೧ರಂದು ದೇಶದ ಸೆರೆಮನೆಗಳಲ್ಲಿ ೫,೭೩,೨೨೦ ಮಂದಿಯಿದ್ದರೆಂದೂ, ಅವರಲ್ಲಿ ೪,೩೪,೩೦೨ ಮಂದಿ ವಿಚಾರಣಾಧೀನರೆಂದೂ, ೧,೩೩,೪೧೫ ಮಂದಿ ಮಾತ್ರ ಶಿಕ್ಷಾಬಂದಿಗಳೆಂದೂ ಅದರಿಂದ ತಿಳಿಯುತ್ತದೆ. ಇದರಿಂದ ಕಲಿಯಬೇಕಾದ ಮೊದಲ ಪಾಠವೆಂದರೆ ಛೇದದ ಪಾಠ. ಪೆರೋಲಿಗೆ ಅರ್ಹರಾಗುವವರು ಶಿಕ್ಷಾಬಂದಿಗಳು. ಅವರು ಒಟ್ಟು ಬಂದಿಗಳಲ್ಲಿ ಕಾಲುಭಾಗಕ್ಕಿಂತಲೂ ಕಡಿಮೆ. ಒಟ್ಟು ಬಂದಿಗಳ ಸಂಖ್ಯೆಯಿಂದ ಭಾಗಿಸಿ ಪೆರೋಲಿನ ಪ್ರಮಾಣವನ್ನು ಹೇಳುವವರು ಆ ಪ್ರಮಾಣವನ್ನು ನಾಲ್ಕನೆಯ ಒಂದು ಪಾಲಿಗೂ ಕಡಿಮೆಯಾಗಿ ತೋರಿಸಿದಂತಾಗುತ್ತದೆ.

ಎರಡನೆಯದು ಇನ್ನೂ ಮುಖ್ಯ. ಬ್ಯೂರೊದ ವರದಿಯು ರಾಜ್ಯವಾರಾಗಿ ಪೆರೋಲಿನ ಮೇಲೆ ಹೊರಹೋದವರನ್ನೂ ಮರಳದೆ ತಲೆಮರೆಸಿಕೊಂಡವರನ್ನೂ ಲೆಕ್ಕಿಸುತ್ತದೆ. ಅರ್ಜಿ ಸಲ್ಲಿಸಿದವರೆಷ್ಟು, ನಿರಾಕೃತರಾದವರೆಷ್ಟು, ಯಾವ ಕಾರಣದಿಂದ, ಎಷ್ಟು ದಿನಗಳ ಮೇಲೆ ಎಂಬ ವಿವರಗಳು ಆ ಲೆಕ್ಕದ ವ್ಯಾಪ್ತಿಗೆ ಸೇರಿಲ್ಲ. ಇದರ ಪರಿಣಾಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿಶದಪಡಿಸಬಹುದು.

ಒಂದು ಸೆರೆಮನೆಯಲ್ಲಿ ವರ್ಷಕ್ಕೆ ೨೦೦ ಅರ್ಜಿಗಳು ಬಂದವೆಂದೂ, ೧೨೦ ಅರ್ಜಿಗಳು ತಿರಸ್ಕೃತವಾದವೆಂದೂ, ಉಳಿದ ೮೦ ಸಲ ಬಿಡುಗಡೆಯಾಯಿತೆಂದೂ ಇಟ್ಟುಕೊಳ್ಳೋಣ. ಕೆಲವರು ವರ್ಷದಲ್ಲಿ ಎರಡು ಸಲ ಹೋಗಿಬಂದುದರಿಂದ ಈ ೮೦ ಬಿಡುಗಡೆಗಳನ್ನು ಪಡೆದವರು ೫೦ ಮಂದಿ. ಇವರಲ್ಲಿ ಇಬ್ಬರು ಕಾಯಿಲೆಯಿಂದಲೋ ಮಳೆಯಿಂದಲೋ ಎರಡು ಮೂರು ದಿನ ತಡವಾಗಿ ಬಂದರು. ಒಬ್ಬನು ಬರಲೇ ಇಲ್ಲ. "೮೦ ಬಿಡುಗಡೆಗಳಲ್ಲಿ ೩ ಸಲ ಸಕಾಲಕ್ಕೆ ಮರಳಲಿಲ್ಲ" ಎಂದರೆ ನೂರಕ್ಕೆ ೩.೭೫. ತಡವಾಗಿ ಬಂದವರನ್ನು ಬಿಟ್ಟರೆ ನೂರಕ್ಕೆ ೧.೨೫. ಬಿಡುಗಡೆಗಳ ಬದಲು ವ್ಯಕ್ತಿಗಳನ್ನು ಎಣಿಸಿದರೆ ನೂರಕ್ಕೆ ೨. ಒಂದೇ ಸೆರೆಮನೆ, ಒಂದೇ ವರ್ಷ, ಮೂರು ಉತ್ತರಗಳು. ಮೂರೂ ಗಣಿತದ ಮಟ್ಟಿಗೆ ಸರಿ. ಯಾವುದನ್ನು ಎಣಿಸಲಾಗಿದೆಯೆಂದು ಹೇಳದೆ ಒಂದನ್ನು ಮಾತ್ರ ಮುಂದಿಡುವುದು ತಪ್ಪು. ಇನ್ನು ತಿರಸ್ಕೃತವಾದ ನೂರಕ್ಕೆ ೬೦ ಅರ್ಜಿಗಳಂತೂ ಈ ಮೂರು ಉತ್ತರಗಳಲ್ಲಿ ಯಾವುದರಲ್ಲಿಯೂ ಇಲ್ಲ.

ಇಲ್ಲಿಯೇ ಪ್ರಸ್ತುತ ವಿಷಯದ ತಿರುಳಿರುವುದು. ಮರಳದೆ ಹೋದ ಒಬ್ಬನು ಅಂಕಿಯಾಗುತ್ತಾನೆ, ವೃತ್ತಪತ್ರಿಕೆಯ ಸುದ್ದಿಯಾಗುತ್ತಾನೆ. ಅವನನ್ನು ಬಿಟ್ಟ ಅಧಿಕಾರಿಯೂ ಅನುಕೂಲ ವರದಿ ಬರೆದ ಠಾಣೆಯವರೂ ಉತ್ತರ ಹೇಳಬೇಕಾಗುತ್ತದೆ. ತಾಯಿಯ ಅಂತ್ಯಕ್ರಿಯೆಗೆ ಹೋಗಲಾರದೆ ಉಳಿದವನು ಯಾವ ಕೋಷ್ಟಕದಲ್ಲಿಯೂ ಇಲ್ಲ. ಅವನಿಗಾಗಿ ಯಾರೂ ಉತ್ತರ ಹೇಳಬೇಕಾಗಿಲ್ಲ. ಲೆಕ್ಕವು ಒಂದು ಕಡೆಯ ತಪ್ಪನ್ನು ಮಾತ್ರ ತೋರಿಸಿದರೆ ಎಚ್ಚರಿಕೆಯೂ ಒಂದೇ ಕಡೆಗೆ ವಾಲುತ್ತದೆ. ಠಾಣೆಯಲ್ಲಿ ಕುಳಿತು ವರದಿ ಬರೆಯುವವನಿಗೆ ಬೇಡವೆಂದು ಬರೆಯುವುದೇ ಸುರಕ್ಷಿತವಾಗಿ ಕಾಣುತ್ತದೆ. ಇದು ಯಾವೊಬ್ಬ ಅಧಿಕಾರಿಯ ಕಠಿಣ ಹೃದಯದಿಂದಾದುದಲ್ಲ, ಲೆಕ್ಕದ ನಮೂನೆಯಿಂದಾದುದು. ಮರಳದೆ ಹೋದವನಿಂದ ನೊಂದವರ ಭಯ ಸುಳ್ಳೆಂದು ಇದರ ಅರ್ಥವಲ್ಲ. ಆ ಭಯ ಎಷ್ಟರಮಟ್ಟಿಗೆ ಸಕಾರಣವೆಂದು ತೂಗಿ ನೋಡುವುದಕ್ಕೂ ತಕ್ಕಡಿಯ ಎರಡು ತಟ್ಟೆಗಳು ಬೇಕು.

ಈ ತೊಡಕು ನಮ್ಮದೊಂದೇ ಅಲ್ಲ. ೧೯೨೮ರಲ್ಲಿ ಶಿಕಾಗೊ ವಿಶ್ವವಿದ್ಯಾನಿಲಯದ ಅರ್ನೆಸ್ಟ್ ಬರ್ಜೆಸ್ ಇಲಿನಾಯ್ ರಾಜ್ಯದಲ್ಲಿ ಪೆರೋಲ್ ಪಡೆದಿದ್ದ ೩,೦೦೦ ಮಂದಿಯ ದಾಖಲೆಗಳನ್ನು ಪರೀಕ್ಷಿಸಿ, ೨೧ ಅಂಶಗಳ ಆಧಾರದಿಂದ ಯಾರು ಷರತ್ತು ಮುರಿಯಬಹುದೆಂದು ಊಹಿಸುವ ಕ್ರಮವನ್ನು ರೂಪಿಸಿದನು. ಈ ಶಾಸ್ತ್ರದಲ್ಲಿ ಅದು ಪ್ರಸಿದ್ಧವಾದ ಅಧ್ಯಯನ. ಆದರೆ ಅವನಿಗೆ ದೊರೆತವು ಬಿಡುಗಡೆಯಾದವರ ದಾಖಲೆಗಳು ಮಾತ್ರ. ನಿರಾಕೃತರನ್ನು ಬಿಟ್ಟಿದ್ದರೆ ಅವರು ಹೇಗೆ ನಡೆದುಕೊಳ್ಳುತ್ತಿದ್ದರೆಂಬುದನ್ನು ಅಂಥ ದಾಖಲೆಗಳಿಂದ ತಿಳಿಯುವಂತಿಲ್ಲ.

ಮೂರನೆಯ ತೊಡಕು ಕಾಲಕ್ಕೆ ಸಂಬಂಧಿಸಿದ್ದು. ಡಿಸೆಂಬರ್ ೨೦ರಂದು ಹೊರಟು ಜನವರಿಯಲ್ಲಿ ಮರಳುವವನು ವರ್ಷಾಂತ್ಯದ ಲೆಕ್ಕದಲ್ಲಿ ಬಂದವನೂ ಅಲ್ಲ, ಓಡಿಹೋದವನೂ ಅಲ್ಲ. ಅವನಿಗಾಗಿ 'ಹೊರಗಿರುವವರು' ಎಂಬ ಪ್ರತ್ಯೇಕ ಅಂಕಣವಿರಬೇಕು. ಇದಕ್ಕಿಂತ ದೊಡ್ಡ ಒಡಕು ಕೋವಿಡ್ ವರ್ಷಗಳದು. ೨೦೨೦ರ ಮಾರ್ಚ್ ೨೩ರಂದು ಸರ್ವೋಚ್ಚ ನ್ಯಾಯಾಲಯವು ಪ್ರತಿ ರಾಜ್ಯದಲ್ಲಿಯೂ ಉನ್ನತಾಧಿಕಾರ ಸಮಿತಿಯನ್ನು ರಚಿಸಿ, ಪೆರೋಲಿನ ಅಥವಾ ಮಧ್ಯಂತರ ಜಾಮೀನಿನ ಮೇಲೆ ಯಾವ ವರ್ಗದ ಬಂದಿಗಳನ್ನು ಬಿಡಬಹುದೆಂದು ನಿರ್ಧರಿಸುವಂತೆ ಆಜ್ಞಾಪಿಸಿತು. ೨೦೨೧ರ ಮೇ ೭ರಂದು ಅಂಥದೇ ಆಜ್ಞೆ ಮತ್ತೆ ಹೊರಟಿತು. ಹೀಗೆ ಹೊರಬಂದವರು ೧೫ ದಿನಗಳೊಳಗಾಗಿ ಶರಣಾಗಬೇಕೆಂದು ೨೦೨೩ರ ಮಾರ್ಚ್ ೨೪ರಂದು ಅದೇ ನ್ಯಾಯಾಲಯ ಆದೇಶವಿತ್ತಿತು. ಈ ಬಿಡುಗಡೆಗಳು ಒಬ್ಬೊಬ್ಬನ ಅರ್ಜಿಯನ್ನು ತೂಗಿ ನೋಡಿ ಕೊಟ್ಟವಲ್ಲ, ಸೋಂಕನ್ನು ತಡೆಯಲು ವರ್ಗವಾರಾಗಿ ಕೊಟ್ಟವು. ೨೦೧೯ರ ಅಂಕಿಯ ಪಕ್ಕದಲ್ಲಿ ೨೦೨೦ರ ಅಂಕಿಯನ್ನಿಟ್ಟು ಸರ್ಕಾರ ಉದಾರವಾಯಿತೆಂದು ಬರೆಯುವುದು ಅವಿಚಾರ.

೬. ಗಡಿಗಳ ತೊಡಕು

ಜಿಲ್ಲೆಯ ಮಟ್ಟಕ್ಕಿಳಿದರೆ ಇನ್ನೊಂದು ಸಮಸ್ಯೆ ಎದುರಾಗುತ್ತದೆ. ದಾವಣಗೆರೆ ಜಿಲ್ಲೆಯು ಅಸ್ತಿತ್ವಕ್ಕೆ ಬಂದದ್ದು ೧೯೯೭ರ ಆಗಸ್ಟ್ ೧೫ರಂದು. ಅದಕ್ಕೆ ಹಿಂದೆ ದಾವಣಗೆರೆ, ಹರಿಹರ, ಜಗಳೂರುಗಳು ಚಿತ್ರದುರ್ಗ ಜಿಲ್ಲೆಗೂ, ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗ ಜಿಲ್ಲೆಗೂ, ಹರಪನಹಳ್ಳಿ ಬಳ್ಳಾರಿ ಜಿಲ್ಲೆಗೂ ಸೇರಿದ್ದವು. ಹರಪನಹಳ್ಳಿ ೨೦೧೮ರಲ್ಲಿ ಬಳ್ಳಾರಿಗೆ ಮರಳಿ, ೨೦೨೧ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ೨೦೧೧ರ ಜನಗಣತಿಯಂತೆ ದಾವಣಗೆರೆ ಜಿಲ್ಲೆಯ ಜನಸಂಖ್ಯೆ ೧೯,೪೫,೪೯೭. ಇದರಲ್ಲಿ ಹರಪನಹಳ್ಳಿಯ ಜನರೂ ಸೇರಿದ್ದಾರೆ. ೨೦೧೮ರ ಅನಂತರದ ಬಂದಿಗಳ ಸಂಖ್ಯೆಯನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಮೇಲಿನದೊಂದು ಜಿಲ್ಲೆ, ಕೆಳಗಿನದು ಇನ್ನೊಂದು ಜಿಲ್ಲೆ ಎಂದಾಗುತ್ತದೆ.

ಇತಿಹಾಸದ ವಿದ್ಯಾರ್ಥಿಗಳಿಗೆ ಇದು ಹೊಸ ಅನುಭವವಲ್ಲ. ಎಪಿಗ್ರಾಫಿಯಾ ಕರ್ನಾಟಿಕದ ಹನ್ನೊಂದನೆಯ ಸಂಪುಟದಲ್ಲಿ ಹರಿಹರದ ಶಾಸನಗಳನ್ನು ಹುಡುಕುವವರು ಅವನ್ನು ದಾವಣಗೆರೆ ತಾಲ್ಲೂಕಿನ ಸಂಖ್ಯೆಗಳಲ್ಲಿ ಕಾಣಬೇಕಾಗುತ್ತದೆ. ಶಾಸನವಿದ್ದ ಸ್ಥಳ ಬದಲಾಗಲಿಲ್ಲ, ಅದನ್ನು ಎಣಿಸುವ ಗಡಿ ಬದಲಾಯಿತು. ಸೆರೆಮನೆಯ ಅಂಕಿಗಳಲ್ಲಿಯೂ ಸಂಗತಿ ಇದೇ.

ಹರಿಹರದಲ್ಲಿ ಈ ಗಡಿಯು ಕಣ್ಣಿಗೇ ಕಾಣುತ್ತದೆ. ತುಂಗಭದ್ರೆಯ ಮೇಲೆ ೧೮೬೮ರಲ್ಲಿ ಮುಗಿದ ಸೇತುವೆಯು ಮೈಸೂರು ಸೀಮೆಯನ್ನು ಧಾರವಾಡ ಸೀಮೆಯೊಡನೆ ಕೂಡಿಸಿತು. ೧೯೫೬ರವರೆಗೂ ನದಿಯ ಎರಡು ದಡಗಳಲ್ಲಿ ಎರಡು ಸರ್ಕಾರಗಳಿದ್ದವು. ಇಂದು ಈಚೆಯ ದಡ ದಾವಣಗೆರೆ ಜಿಲ್ಲೆ, ಆಚೆಯ ದಡ ಹಾವೇರಿ ಜಿಲ್ಲೆ. ಈಚೆಯದು ಉಚ್ಚ ನ್ಯಾಯಾಲಯದ ಬೆಂಗಳೂರು ಪ್ರಧಾನ ಪೀಠದ ವ್ಯಾಪ್ತಿಗೆ, ಆಚೆಯದು ಧಾರವಾಡ ಪೀಠದ ವ್ಯಾಪ್ತಿಗೆ ಸೇರುತ್ತದೆ. ಆದರೆ ಬಾಂಧವ್ಯ, ದುಡಿಮೆ, ಸಂತೆಗಳಿಗೆ ಈ ಗಡಿಯಿಲ್ಲ. ಹರಿಹರದಲ್ಲಿ ಹುಟ್ಟಿ, ಆಚೆಯ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ದುಡಿಯುತ್ತ ಅಲ್ಲಿಯೇ ಸಂಸಾರ ಹೂಡಿದವನೊಬ್ಬನು ಶಿಕ್ಷೆಗೆ ಗುರಿಯಾದರೆ ಅವನ ಪೆರೋಲಿನ ವಿಚಾರಣೆ ಯಾವ ದಡದಲ್ಲಿ ನಡೆಯಬೇಕು? ಹೆಂಡತಿ ಮಕ್ಕಳಿರುವ ಕಡೆಯೋ, ತಂದೆ ತಾಯಿಗಳಿರುವ ಕಡೆಯೋ? ಯಾವ ಜಿಲ್ಲೆ ಅವನನ್ನು ತನ್ನವನೆಂದು ಎಣಿಸಬೇಕು? ಆದುದರಿಂದ ಅಂಕಿಗಳನ್ನು ಸಂಗ್ರಹಿಸುವವರು ಅಪರಾಧ ನಡೆದ ಸ್ಥಳ, ಶಿಕ್ಷೆ ವಿಧಿಸಿದ ನ್ಯಾಯಾಲಯ, ಬಂದಿಯಿರುವ ಸೆರೆಮನೆ, ಪೆರೋಲಿನಲ್ಲಿ ತಂಗುವ ಊರು ಈ ನಾಲ್ಕನ್ನೂ ಬೇರೆ ಬೇರೆಯಾಗಿ ಗುರುತಿಸಬೇಕು.

೭. ಸಂಗ್ರಹಣೆಯ ಕ್ರಮ

ಕಾಲೇಜಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ಕಾರ್ಯದಲ್ಲಿ ಮಾಡಬಹುದಾದುದು ಬಹಳವಿದೆ. ಮೊದಲನೆಯದಾಗಿ ಪ್ರಕಟಿತ ಆಕರಗಳು: ಬ್ಯೂರೊದ ವಾರ್ಷಿಕ ವರದಿಗಳು ಎಲ್ಲರಿಗೂ ದೊರೆಯುತ್ತವೆ, ಹಳೆಯ ಆಡಳಿತ ವರದಿಗಳನ್ನು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ನೋಡಬಹುದು. ಎರಡನೆಯದಾಗಿ ಉಚ್ಚ ನ್ಯಾಯಾಲಯದ ಆಜ್ಞೆಗಳು: ನಿರಾಕರಣೆಗೆ ಕೊಟ್ಟ ಕಾರಣವೂ ಪೊಲೀಸ್ ವರದಿಯ ಸಾರವೂ ಬಹಿರಂಗವಾಗಿ ಕಾಣಸಿಗುವುದು ಮುಖ್ಯವಾಗಿ ಇವುಗಳಲ್ಲಿ. ಆದರೆ ನ್ಯಾಯಾಲಯದವರೆಗೆ ಹೋಗುವವರು ವಕೀಲರ ನೆರವುಳ್ಳವರು. ಅವರಿಂದ ಎಲ್ಲ ನಿರಾಕೃತರ ಸ್ಥಿತಿಯನ್ನು ಊಹಿಸಲಾಗದು. ಮೂರನೆಯದಾಗಿ ೨೦೦೫ರ ಮಾಹಿತಿ ಹಕ್ಕು ಅಧಿನಿಯಮ. ಕರ್ನಾಟಕದ ನಿಯಮಗಳಂತೆ ಅರ್ಜಿಯು ಒಂದೇ ವಿಷಯಕ್ಕೆ ಸೀಮಿತವಾಗಿ ೧೫೦ ಪದಗಳನ್ನು ಮೀರದಂತಿರಬೇಕು. ಸಾಮಾನ್ಯವಾಗಿ ೩೦ ದಿನಗಳಲ್ಲಿ ಉತ್ತರ ಬರಬೇಕು.

ಆದರೆ ಈ ಮೂರನೆಯ ಹಾದಿಗೂ ಒಂದು ಮಿತಿಯಿದೆ. ಕಚೇರಿಯಲ್ಲಿಲ್ಲದ ಮಾಹಿತಿಯನ್ನು ಹೊಸದಾಗಿ ಕ್ರೋಢೀಕರಿಸಿ ಕೊಡುವ ಹೊಣೆ ಸರ್ಕಾರಿ ಸಂಸ್ಥೆಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೧೧ರಲ್ಲಿ ಆದಿತ್ಯ ಬಂದೋಪಾಧ್ಯಾಯ ಮೊಕದ್ದಮೆಯಲ್ಲಿ ತಿಳಿಸಿದೆ. ನಿರಾಕರಣೆಗಳನ್ನು ಕಚೇರಿ ಒಟ್ಟು ಹಾಕಿ ಇಟ್ಟಿರದಿದ್ದರೆ ಅವುಗಳ ಸಂಖ್ಯೆಯನ್ನು ಕೇಳಿ ಪಡೆಯುವುದೂ ಸಾಧ್ಯವಾಗದು. ಎಣಿಸದೆ ಉಳಿದುದು ಹೀಗೆ ಎರಡನೆಯ ಸಲವೂ ಮರೆಯಾಗುತ್ತದೆ. ಆದಕಾರಣ ಲೆಕ್ಕವನ್ನು ಹೊರಗಿನಿಂದ ಕೇಳುವುದಷ್ಟೇ ಸಾಲದು. ಅದನ್ನು ಇಡುವ ನಮೂನೆಯೇ ತಿದ್ದುಪಡಿಯಾಗಬೇಕು.

ಅಂಥ ನಮೂನೆಯಲ್ಲಿ ಇರಲೇಬೇಕಾದ ಅಂಕಣಗಳು ಹೆಚ್ಚೇನಿಲ್ಲ: ಅರ್ಜಿ ಬಂದ ದಿನ, ಕೋರಿದ ಕಾರಣ, ಪೊಲೀಸ್ ವರದಿ ಕೇಳಿದ ದಿನ ಮತ್ತು ಬಂದ ದಿನ, ವರದಿ ಅನುಕೂಲವೋ ಪ್ರತಿಕೂಲವೋ, ನಿರ್ಣಯ, ಅದರ ದಿನ ಮತ್ತು ಕಾರಣ, ಬಿಟ್ಟ ದಿನ, ಮರಳಬೇಕಾದ ದಿನ, ಮರಳಿದ ದಿನ, ನ್ಯಾಯಾಲಯದ ಆಜ್ಞೆಯಿಂದ ಬಿಟ್ಟದ್ದಾದರೆ ಆ ಸಂಗತಿ. ಈ ದಿನಾಂಕಗಳಲ್ಲಿ ಬಹಳಷ್ಟು ಈಗಲೂ ಕಡತದಲ್ಲಿ ಒಂದೊಂದಾಗಿ ಚದುರಿಕೊಂಡಿರುವಂಥವೇ. ಅವನ್ನು ಒಂದೇ ಸಾಲಿಗೆ ತಂದರೆ ಸಾಕು. ಅರ್ಜಿಗೂ ನಿರ್ಣಯಕ್ಕೂ ನಡುವೆ ಕಳೆದ ದಿನಗಳು ಆಗ ತಾವಾಗಿಯೇ ತಿಳಿಯುತ್ತವೆ. ಮದುವೆಯ ಮುಹೂರ್ತ ಮುಗಿದ ಮೇಲೆ ಬಂದ ಅನುಮತಿಯೂ ನಿರಾಕರಣೆಯೂ ಬಂದಿಯ ಮನೆಯವರಿಗೆ ಒಂದೇ.

ವಿದ್ಯಾರ್ಥಿಗಳಿಗೆ ಇಲ್ಲೊಂದು ಎಚ್ಚರಿಕೆಯ ಮಾತು ಅಗತ್ಯ. ಹರಿಹರದಂಥ ಊರಿನಲ್ಲಿ ಹೆಸರನ್ನು ಮರೆಮಾಡಿದರೂ ಓಣಿ, ಜಾತಿ, ಅಪರಾಧದ ವರ್ಷ ಇವುಗಳನ್ನು ಬರೆದರೆ ಆ ವ್ಯಕ್ತಿ ಯಾರೆಂದು ಊರಿಗೆಲ್ಲ ತಿಳಿದುಬಿಡುತ್ತದೆ. ಅಪರಾಧಿಯ ಮನೆಯವರು ಅಪರಾಧಿಗಳಲ್ಲ. ಅಪರಾಧದಿಂದ ನೊಂದ ಮನೆಯವರೂ ಅದೇ ಊರಿನಲ್ಲಿರುತ್ತಾರೆ. ಐದಕ್ಕಿಂತ ಕಡಿಮೆಯಿರುವ ಸಂಖ್ಯೆಗಳನ್ನು ತಾಲ್ಲೂಕುವಾರಾಗಿ ಪ್ರಕಟಿಸದೆ ಜಿಲ್ಲೆಯ ಮೊತ್ತದಲ್ಲಿ ಸೇರಿಸುವುದು ಒಳ್ಳೆಯದು.

೮. ನಿರೂಪಣೆಯ ಕ್ರಮ ಮತ್ತು ಉಪಸಂಹಾರ

ಸಂಗ್ರಹಿಸಿದ ಅಂಕಿಗಳನ್ನು ನಿರೂಪಿಸುವಾಗ ಪಾಲಿಸಬೇಕಾದ ನಿಯಮಗಳನ್ನು ಹೀಗೆ ಸಂಗ್ರಹಿಸಿ ಹೇಳಬಹುದು. ಎಣಿಸಿದ್ದು ಬಿಡುಗಡೆಗಳನ್ನೋ ವ್ಯಕ್ತಿಗಳನ್ನೋ ಎಂಬುದನ್ನು ಮೊದಲೇ ತಿಳಿಸಬೇಕು. ಛೇದವಾಗಿ ಶಿಕ್ಷಾಬಂದಿಗಳ ಸಂಖ್ಯೆಯನ್ನು, ಸಾಧ್ಯವಾದರೆ ಅರ್ಹರ ಸಂಖ್ಯೆಯನ್ನೇ, ಬಳಸಬೇಕು. ತಡವಾಗಿ ಬಂದವರನ್ನೂ ಬಾರದವರನ್ನೂ ಒಂದೇ ಅಂಕಣದಲ್ಲಿ ಸೇರಿಸಬಾರದು. ವರ್ಷಾಂತ್ಯದಲ್ಲಿ ಹೊರಗಿದ್ದವರನ್ನು ಪ್ರತ್ಯೇಕವಾಗಿ ತೋರಿಸಬೇಕು. ೨೦೨೦-೨೩ರ ವಿಶೇಷ ಬಿಡುಗಡೆಗಳನ್ನು ಸಾಮಾನ್ಯ ಪೆರೋಲಿನೊಡನೆ ಕೂಡಿಸಬಾರದು. ಜಿಲ್ಲೆಯ ಗಡಿ ಯಾವ ವರ್ಷದ್ದೆಂದು ಹೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮರಳದವರ ಸಂಖ್ಯೆಯನ್ನು ನಿರಾಕೃತರ ಸಂಖ್ಯೆಯಿಂದ ಬೇರ್ಪಡಿಸಿ ಒಂದನ್ನೇ ಪ್ರಕಟಿಸಬಾರದು.

ಇವೆಲ್ಲ ಕೇವಲ ಗಣಿತದ ಶಿಸ್ತೆಂದು ತೋರಬಹುದು. ಆದರೆ ಹರಿಹರದ ಠಾಣೆಯಲ್ಲಿ ನಾಳೆ ಬರೆಯಲಿರುವ ವರದಿಯೊಂದರ ಮೇಲೆ ಇವುಗಳ ಪ್ರಭಾವವಿದೆ. ತಾನು ಬೇಡವೆಂದು ಬರೆದುದೂ ಎಣಿಕೆಯಾಗುತ್ತದೆ, ಅದಕ್ಕೂ ಕಾರಣ ಹೇಳಬೇಕಾಗುತ್ತದೆಯೆಂದು ತಿಳಿದವನು ಒಂದು ಸಾಲಿನಲ್ಲಿ ಶಾಂತಿಭಂಗವೆಂದು ಬರೆದು ಕೈತೊಳೆದುಕೊಳ್ಳಲಾರನು. ಆ ಮನೆಯ ಬಾಗಿಲಿಗೆ ಹೋಗಿ ಕೇಳಿಯೇ ಬರೆಯುವನು. ಹಾಗೆ ಕೇಳಿದ ಮೇಲೆಯೂ ಬೇಡವೆಂಬ ಉತ್ತರವೇ ಸರಿಯಾಗಿರಬಹುದು; ಆಗ ಅದಕ್ಕೆ ಆಧಾರವಿರುತ್ತದೆ.

ಪುಣ್ಯಕೋಟಿ ಮರಳಿ ಬಂದುದು ನಮಗೆ ಗೊತ್ತಿರುವುದು ಹುಲಿ ಅವಳನ್ನು ಹೋಗಗೊಟ್ಟುದರಿಂದ. ಹೋಗಗೊಡದಿದ್ದರೆ ಅವಳ ಮಾತು ಸತ್ಯವಾಗಿತ್ತೇ ಇಲ್ಲವೇ ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ನಮ್ಮ ಸೆರೆಮನೆಗಳ ಕಡತಗಳಲ್ಲಿ ಪರೀಕ್ಷೆಗೇ ಒಳಗಾಗದ ಅಂಥ ಮಾತುಗಳೆಷ್ಟಿವೆಯೆಂದು ಎಣಿಸಿ ಬರೆದಿಡುವ ಕೆಲಸವನ್ನು ಈ ಎರಡು ಊರುಗಳ ಕಾಲೇಜುಗಳು ಕೈಗೆತ್ತಿಕೊಳ್ಳಬೇಕೆಂಬುದೇ ಈ ಲೇಖನದ ವಿನಂತಿ.